ಸ್ಟೌರ್‌ಹೆಡ್ಡೋ, ಸಿಸ್ಸಿಂಗ್‌ಹರ್ಸ್ಟೋ?

ಇಂಗ್ಲೆಂಡಿನಲ್ಲಿ ಒಂದೇ ಉದ್ಯಾನಕ್ಕೆ ಸಮಯವಿರುವವರು ಮೊದಲು ತಿಂಗಳನ್ನು ನೋಡಿಕೊಳ್ಳಬೇಕು. ವಿಲ್ಟ್‌ಶೈರ್‌ನ ಸ್ಟೌರ್‌ಹೆಡ್ ಉದ್ಯಾನವನ್ನು ಬ್ಯಾಂಕರ್ ಮನೆತನದ ಹೆನ್ರಿ ಹೋರ್ 1740ರ ದಶಕದಿಂದ ರೂಪಿಸತೊಡಗಿದರು. ಕಣಿವೆಗೆ ಒಡ್ಡು ಕಟ್ಟಿ ನಿಲ್ಲಿಸಿದ ಕೆರೆಯ ಸುತ್ತ ನಡೆಯುತ್ತಿದ್ದಂತೆ ರೋಮನ್ ಶೈಲಿಯ ಪ್ಯಾಂಥಿಯನ್ ಗುಡಿಯು ಮರಗಳ ನಡುವೆ ಕಾಣಿಸಿ, ಮರೆಯಾಗಿ, ಮತ್ತೆ ನೀರಿನಲ್ಲಿ ತಲೆಕೆಳಗಾಗಿ ತೋರುತ್ತದೆ. ಎಲೆಗಳು ಕೆಂಪೇರುವ ಅಕ್ಟೋಬರ್‌ನಲ್ಲಿ ಇದಕ್ಕೆ ಸಾಟಿಯಿಲ್ಲ.

ಕೆಂಟ್‌ನ ಸಿಸ್ಸಿಂಗ್‌ಹರ್ಸ್ಟ್ ಬೇರೆಯೇ ಬಗೆಯದು. ಲೇಖಕಿ ವೀಟಾ ಸ್ಯಾಕ್‌ವಿಲ್-ವೆಸ್ಟ್ ಮತ್ತು ರಾಜತಾಂತ್ರಿಕ ಹೆರಾಲ್ಡ್ ನಿಕಲ್ಸನ್ ದಂಪತಿ 1930ರಲ್ಲಿ ಕೊಂಡ ಈ ಪಾಳು ಆವರಣವನ್ನು ನಿಕಲ್ಸನ್ ಗೋಡೆ, ಬೇಲಿಗಿಡಗಳ ಆಸರೆಯಲ್ಲಿ ಕೋಣೆಗಳಂತೆ ವಿಂಗಡಿಸಿದರೆ, ವೀಟಾ ಅವುಗಳನ್ನು ಹೂಗಿಡಗಳಿಂದ ತುಂಬಿದರು. ದಾರಿಗಳು ಇಕ್ಕಟ್ಟಾಗಿವೆ, ನಿಜ. ಆದರೂ ಜುಲೈ ಆರಂಭದಲ್ಲಿ ಬಿಳಿ ಹೂಗಳ ಕೋಣೆಯಾದ ಶ್ವೇತೋದ್ಯಾನದ ಚಪ್ಪರದ ಮೇಲೆ ಬಿಳಿ ಗುಲಾಬಿ ಗೊಂಚಲುಗೊಂಚಲಾಗಿ ಅರಳಿರುವಾಗ, ಹೂವನ್ನು ಪ್ರೀತಿಸುವವರಿಗೆ ನಾನು ಇದನ್ನೇ ಸೂಚಿಸುತ್ತೇನೆ.