‘ತೋರಿಸಿಕೊಂಡು ಬರ್ತೀನಿ’ ಅಂದವರ ಕೈಗೆ ವಾದ್ಯ ಕೊಡಬೇಡಿ

ತುಮಕೂರಿನವರು, ಅದರಲ್ಲೂ ಮನೆಯಲ್ಲಿರೋ ಹಳೇ ವಾದ್ಯ ಮಾರಬೇಕು ಅಂತಿರೋರು, ಇದನ್ನೊಮ್ಮೆ ಓದಿ.

ಅಪ್ಪ ಆರ್ಕೆಸ್ಟ್ರಾದಲ್ಲಿ ನುಡಿಸ್ತಿದ್ದ ಮ್ಯಾಂಡೊಲಿನ್ ನಮ್ಮನೇಲಿತ್ತು. ಎರಡೆರಡರಂತೆ ನಾಲ್ಕು ಜೋಡಿ, ಒಟ್ಟು 8 ತಂತಿ. ಬೆನ್ನು ಸೀಳಿದ ಕುಂಬಳಕಾಯಿ ಥರ ಉಬ್ಬು. ತಂತಿಗಳ ಕೆಳಗೆ ಮುತ್ತಿನ ಚಿಪ್ಪು ಕೂರಿಸಿ ಮಾಡಿದ ಒಂದು ಚಿಟ್ಟೆ. ನಮ್ಮಲ್ಲಿ ಯಾರೂ ನುಡಿಸಲ್ಲ, ಅಟ್ಟದ ಮೇಲೆ ಧೂಳು ತಿನ್ನೋ ಬದಲು ಕಲಿಯೋರ ಕೈ ಸೇರಲಿ ಅಂತ 18,000 ರೂಪಾಯಿಗೆ ಆನ್‌ಲೈನ್‌ನಲ್ಲಿ ಹಾಕಿದೆ.

ಫೋನ್ ಮಾಡಿದೋರಲ್ಲಿ ಅರ್ಧ ಜನ ‘ಯು. ಶ್ರೀನಿವಾಸ್ ನುಡಿಸ್ತಿದ್ದಂಥದ್ದಾ?’ ಅಂದರು. ಅಲ್ಲ ಸ್ವಾಮಿ, ಕರ್ನಾಟಕ ಸಂಗೀತದ ಆ ವಿದ್ವಾಂಸರದು 5 ತಂತಿಯ ಎಲೆಕ್ಟ್ರಿಕ್ ಮ್ಯಾಂಡೊಲಿನ್. ಇನ್ನೊಬ್ಬ ಕ್ಯೂಆರ್ ಕಳಿಸಿ, ‘ಸ್ಕ್ಯಾನ್ ಮಾಡಿ ಪಿನ್ ಒತ್ತಿ, ದುಡ್ಡು ಬರುತ್ತೆ’ ಅಂದ. ದುಡ್ಡು ಬರೋಕೆ ಪಿನ್ ಯಾಕಪ್ಪಾ? ಫೋನ್ ಇಟ್ಟೆ. ನಾನು ಭಾರೀ ಬುದ್ಧಿವಂತ ಅಂತ ಬೀಗಿದ್ದೂ ಅಲ್ಲೇ.

ಕೊನೆಗೆ ಬಂದಾತ ಸಭ್ಯಸ್ಥ. ಕಾಫಿ ಕುಡಿದ, ಅಮ್ಮನಿಗೆ ನಮಸ್ಕಾರ ಮಾಡಿದ, ತಂತಿ ಶ್ರುತಿ ಮಾಡಿ ನಾಲ್ಕು ಸ್ವರವನ್ನೂ ನುಡಿಸಿದ. ‘ನಮ್ಮ ಗುರುಗಳಿಗೆ ಒಂದ್ಸಲ ತೋರಿಸಿಕೊಂಡು ಬರ್ತೀನಿ ಸಾರ್’ ಅಂತ 2,000 ಮುಂಗಡ ಕೈಗಿಟ್ಟ. ಮೂರು ದಿನ ಬಿಟ್ಟು ತಂದು, ‘ಅವರಿಗೆ ಯಾಕೋ ಹಿಡಿಸಲಿಲ್ಲ’ ಅಂದ. ಚೀಲದ ಜಿಪ್ಪನ್ನೂ ತೆಗೆಯದೆ ಮುಂಗಡ ವಾಪಸ್ ಕೊಟ್ಟುಬಿಟ್ಟೆ.

ಸಂಜೆ ಒರೆಸೋಕೆ ಕೂತ ಅಮ್ಮ ಕೇಳಿದಳು: ‘ರೆಕ್ಕೆ ರಿಪೇರಿ ಮಾಡಿಸಿದ್ಯೇನೋ?’

ಚಿಟ್ಟೆಯ ಎಡರೆಕ್ಕೆಯಲ್ಲಿ ಕೂದಲೆಳೆಯಷ್ಟು ಬಿರುಕಿತ್ತು, ತಂಗಿ ಚಿಕ್ಕವಳಿದ್ದಾಗ ಬೀಳಿಸಿದ್ದು. ಅದು ಮಾಯ. ಲೈಟಿನ ಕೆಳಗೆ ಹಿಡಿದೆ. ಅಸಲಿ ಚಿಪ್ಪನ್ನು ಸ್ವಲ್ಪ ಓರೆ ಮಾಡಿದರೆ ಹಸಿರು, ಗುಲಾಬಿ ಬಣ್ಣ ಹರಿದಾಡುತ್ತೆ, ಮುಟ್ಟಿದರೆ ತಣ್ಣಗಿರುತ್ತೆ. ಇದು ಎತ್ತ ತಿರುಗಿಸಿದರೂ ಶರ್ಟಿನ ಗುಂಡಿಯ ಬಿಳುಪು. ಅಂಚಿನಲ್ಲಿ ಉಗುರು ಆಡಿಸಿದರೆ ಗೋಂದಿನ ಗಂಟು. ತಂತಿ ಬಿಗಿಯೋ ಬಿರಡೆಗಳ ಹಿಂದಿದ್ದ ಕೆತ್ತನೆಯ ಹಿತ್ತಾಳೆ ಪಟ್ಟಿಯೂ ಹೋಗಿ, ಬೋಳು ತಗಡು ಬಂದು ಕೂತಿತ್ತು.

ಫೋನ್ ಮಾಡಿದರೆ, ‘ನೀವು ಕೊಟ್ಟಾಗಲೇ ಹಂಗಿತ್ತಲ್ಲ ಸಾರ್!’ ಆಮೇಲೆ ಸ್ವಿಚ್ ಆಫ್. ಠಾಣೆಯಲ್ಲಿ ಕೇಳಿದ ಮೊದಲ ಮಾತೇ, ಕೊಡೋ ಮುಂಚಿನ ಫೋಟೊ ಇದೆಯಾ ಅಂತ. ಇತ್ತು. ಆದರೆ ಫ್ಲ್ಯಾಷ್ ಬೆಳಕು ಸರಿಯಾಗಿ ಆ ಚಿಟ್ಟೆಯ ಮೇಲೇ ಹೊಡೆದು, ಅಲ್ಲೊಂದು ಬಿಳೀ ಚುಕ್ಕೆ ಬಿಟ್ಟು ಏನೂ ಕಾಣಲ್ಲ.

ಹಾಗಾಗಿ ಮಾರೋ ಮುಂಚೆ ಬಿರುಕು, ಗೀರು, ಬಿರಡೆ, ನಾದರಂಧ್ರದೊಳಗೆ ಅಂಟಿಸಿರೋ ತಯಾರಕರ ಚೀಟಿ, ಎಲ್ಲವನ್ನೂ ಹಗಲು ಬೆಳಕಲ್ಲಿ ಹತ್ತಿರದಿಂದ ಫೋಟೊ ತೆಗೆದಿಡಿ. ಗುರುಗಳಿಗೆ ನೋಡಬೇಕಿದ್ದರೆ ಅವರೇ ಮನೆಗೆ ಬರಲಿ, ಕಾಫಿ ನಮ್ಮದೇ. ಪೂರ್ತಿ ಹಣ ಬರೋ ತನಕ ವಾದ್ಯ ಹೊಸಿಲು ದಾಟೋದು ಬೇಡ.

ನಮ್ಮದನ್ನು ಮತ್ತೆ ಆನ್‌ಲೈನ್‌ಗೆ ಹಾಕಿದ್ದೀನಿ, ‘ಚಿಟ್ಟೆ ಪ್ಲಾಸ್ಟಿಕ್’ ಅಂತ ಬರೆದೇ. ಬೆಲೆ 7,000. ಇನ್ನೂ ಯಾರೂ ಕೇಳಿಲ್ಲ.