ಮ್ಯೂಚುವಲ್ ವರ್ಗಾವಣೆಗೆ ಜೊತೆ ಹುಡುಕುತ್ತಿರುವ ಶಿಕ್ಷಕರ ಗಮನಕ್ಕೆ: ವೇತನ ಚೀಟಿ ನೋಡಿ ನಂಬಬೇಡಿ

ವರ್ಗಾವಣೆ ಪ್ರಕ್ರಿಯೆ ಆರಂಭವಾಗುತ್ತದೆ ಎಂಬ ಸುದ್ದಿ ಬಂದರೆ ಸಾಕು, ನಮ್ಮ ಭಾಗದ ಶಿಕ್ಷಕರ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಬಗೆಯ ಸಂದೇಶಗಳು ಸಾಲುಗಟ್ಟುತ್ತವೆ. "ಸಿಂದಗಿ ತಾಲ್ಲೂಕು, ಜಿಪಿಟಿ ಸಮಾಜ ವಿಜ್ಞಾನ, ಬೈಲಹೊಂಗಲ ಅಥವಾ ಸವದತ್ತಿ ಕಡೆ ಮ್ಯೂಚುವಲ್ ಬೇಕಾಗಿದೆ, ಇದ್ದವರು ಕರೆ ಮಾಡಿ" ಎಂದು ಬರೆದು ಕೆಳಗೆ ಮೊಬೈಲ್ ಸಂಖ್ಯೆ ಹಾಕಿರುತ್ತಾರೆ. ಜಿಪಿಟಿ ಎಂದರೆ ಪದವೀಧರ ಪ್ರಾಥಮಿಕ ಶಿಕ್ಷಕರು, ಮ್ಯೂಚುವಲ್ ಎಂದರೆ ಇಬ್ಬರು ಶಿಕ್ಷಕರು ಪರಸ್ಪರ ಜಾಗ ಬದಲಿಸಿಕೊಳ್ಳುವ ವರ್ಗಾವಣೆ. ಈ ಗುಂಪುಗಳಿಂದ ನಿಜವಾದ ಉಪಯೋಗವಾಗಿದೆ, ವರ್ಷಗಟ್ಟಲೆ ಬೇರೆ ಬೇರೆ ಜಿಲ್ಲೆಗಳಲ್ಲಿದ್ದ ಗಂಡಹೆಂಡತಿ ಇವುಗಳ ಮೂಲಕವೇ ಜೊತೆ ಸಿಕ್ಕು ಒಂದೂರಿಗೆ ಬಂದದ್ದನ್ನು ನಾನು ಬಲ್ಲೆ. ಆದ್ದರಿಂದ ಗುಂಪು ಬಿಟ್ಟು ಹೊರಗೆ ಬನ್ನಿರೆಂದು ಯಾರಿಗೂ ಹೇಳುತ್ತಿಲ್ಲ. ಆದರೆ ಕಳೆದ ವರ್ಗಾವಣೆಯ ಹಂಗಾಮಿನಲ್ಲಿ ನನಗೆ ಆದದ್ದು, ನನ್ನ ಹೆಸರಿನಿಂದ ಇನ್ನೊಬ್ಬರಿಗೆ ಆದದ್ದು, ಇನ್ನಷ್ಟು ಜನರಿಗೆ ಆಗಬಾರದೆಂದು ವಿವರವಾಗಿ ಬರೆಯುತ್ತಿದ್ದೇನೆ.

ಹೊರಗಿನವರಿಗೆ ಈ ಹುಡುಕಾಟ ಏಕೆ ಇಷ್ಟು ತೀವ್ರವಾಗಿರುತ್ತದೆಂದು ಗೊತ್ತಿರಲಾರದು. ನಮ್ಮ ವರ್ಗಾವಣೆಗಳು 2020ರ ಶಿಕ್ಷಕರ ವರ್ಗಾವಣೆ ನಿಯಂತ್ರಣ ಅಧಿನಿಯಮದ ಪ್ರಕಾರ ನಡೆಯುತ್ತವೆ. ಕೋರಿಕೆ ವರ್ಗಾವಣೆಗೆ ಶೇಕಡಾವಾರು ಮಿತಿಯಿದೆ, ಬೇಕಾದ ತಾಲ್ಲೂಕಿನಲ್ಲಿ ಖಾಲಿ ಹುದ್ದೆ ಇರಬೇಕು, ಆದ್ಯತೆಯಲ್ಲಿ ಮುಂದಿರುವವರೆಲ್ಲ ಆಯ್ಕೆ ಮಾಡಿ ಮುಗಿಸಿದ ಮೇಲೆ ನಮ್ಮ ಸರದಿ ಬರಬೇಕು. ಪರಸ್ಪರ ವರ್ಗಾವಣೆಯಲ್ಲಿ ಹಾಗಲ್ಲ, ಒಬ್ಬರ ಜಾಗಕ್ಕೆ ಇನ್ನೊಬ್ಬರು ಬರುವುದರಿಂದ ಖಾಲಿ ಹುದ್ದೆಯ ಪ್ರಶ್ನೆಯೇ ಏಳುವುದಿಲ್ಲ. ಆದರೆ ಇಬ್ಬರ ವೃಂದ, ಅಂದರೆ ಹುದ್ದೆಯ ವರ್ಗ, ಒಂದೇ ಇರಬೇಕು, ವಿಷಯ ಒಂದೇ ಇರಬೇಕು, ಮಾಧ್ಯಮವೂ ಹೊಂದಬೇಕು. ಬೆಳಗಾವಿ ಜಿಲ್ಲೆಯಲ್ಲಿ ಮರಾಠಿ ಮತ್ತು ಉರ್ದು ಮಾಧ್ಯಮದ ಶಾಲೆಗಳೂ ಬಹಳ ಇರುವುದರಿಂದ ನನ್ನಂಥ ಕನ್ನಡ ಮಾಧ್ಯಮದ ಗಣಿತ-ವಿಜ್ಞಾನ ಶಿಕ್ಷಕಿಗೆ ಸರಿಹೊಂದುವವರು ಸಿಗುವುದು ಅಷ್ಟು ಸುಲಭವಲ್ಲ. ನಾನಿರುವುದು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಲ್ಲಿ, ನನ್ನ ಯಜಮಾನರ ನೌಕರಿ ಗೋಕಾಕದಲ್ಲಿ. ಗೋಕಾಕ ಬರುವುದು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ, ಅಂದರೆ ನನಗೆ ಅದು ಬೇರೆ ಘಟಕ, ಜ್ಯೇಷ್ಠತೆಯ ಪಟ್ಟಿ ಅಲ್ಲಿ ಬೇರೆ. ಅಲ್ಲಿಗೆ ಹೋದರೆ ಜ್ಯೇಷ್ಠತೆಯಲ್ಲಿ ಹಿಂದೆ ಬೀಳುತ್ತೇನೆಂಬುದು ಗೊತ್ತಿದ್ದೂ ಗುಂಪಿನಲ್ಲಿ ಸಂದೇಶ ಹಾಕಿದ್ದೆ.

ಅದೇ ವಾರ ಒಬ್ಬ ಹೆಣ್ಣುಮಗಳು ಕರೆ ಮಾಡಿದಳು. ತಾನು ಗೋಕಾಕ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಜಿಪಿಟಿ, ತವರೂರು ಇಂಡಿಯ ಹತ್ತಿರ, ತಾಯಿಗೆ ಆರಾಮವಿಲ್ಲ, ಆದಷ್ಟು ಬೇಗ ಈ ಕಡೆ ಬರಬೇಕು ಎಂದಳು. ಮಾತು ಅಪ್ಪಟ ನಮ್ಮ ಕಡೆಯದು. ಹಣದ ಮಾತೇ ಎತ್ತಲಿಲ್ಲ. ಸ್ಯಾಟ್ಸ್‌ನಲ್ಲಿ ಮಕ್ಕಳ ಮಾಹಿತಿ ತುಂಬುವಾಗ ಸರ್ವರ್ ಕೈಕೊಡುವುದು, ಮೊಟ್ಟೆ ಮತ್ತು ಬಾಳೆಹಣ್ಣಿನ ಲೆಕ್ಕ ಬರೆದಿಡುವ ಕಷ್ಟ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಗೆ ಸದಸ್ಯರನ್ನು ಸೇರಿಸುವ ಪಾಡು, ಇವನ್ನೆಲ್ಲ ದಿನಾ ಶಾಲೆಯಲ್ಲಿ ಇರುವವರ ಹಾಗೆಯೇ ಹೇಳಿಕೊಂಡಳು. ಬಹುಶಃ ಗುಂಪುಗಳಲ್ಲಿ ನಾವು ಹಂಚಿಕೊಳ್ಳುವ ಗೋಳನ್ನು ಓದಿಯೇ ಇಷ್ಟನ್ನೂ ಕಲಿತಿರಬೇಕೆಂದು ಈಗ ಅನ್ನಿಸುತ್ತದೆ. ಕೊನೆಗೆ, "ಅಕ್ಕೋರ, ನಂಬಿಕಿಗೆ ನನ್ನ ಪೇ ಸ್ಲಿಪ್ ಮೊದಲ ಕಳಸ್ತೀನ್ರಿ, ಆಮ್ಯಾಲ ನಿಮ್ದು ಕಳಸ್ರಿ" ಎಂದು ಹೇಳಿ ತಕ್ಷಣ ಕಳಿಸಿಯೂ ಬಿಟ್ಟಳು.

ಬಂದದ್ದು ಅಸಲಿ ವೇತನ ಚೀಟಿಯೇ. ಸರ್ಕಾರಿ ನೌಕರರ ವೇತನದ ತಂತ್ರಾಂಶವಾದ ಎಚ್‌ಆರ್‌ಎಂಎಸ್‌ನಿಂದ ತೆಗೆದದ್ದು, ಹೆಸರು, ಪದನಾಮ, ಕೆಜಿಐಡಿ (ಸರ್ಕಾರಿ ವಿಮಾ ಇಲಾಖೆಯ) ಸಂಖ್ಯೆ, ಮೂಲ ವೇತನ, ಕಡಿತಗಳು ಎಲ್ಲವೂ ಕ್ರಮವಾಗಿದ್ದವು. ನಾನೂ ನನ್ನ ಚೀಟಿ ಕಳಿಸಿದೆ. ನಂತರ ಸೇವಾ ಪುಸ್ತಕದ ಮೊದಲ ಪುಟ ಬೇಕೆಂದಳು, ಆಧಾರ್ ಬೇಕೆಂದಳು, ತನ್ನವನ್ನೂ ಕಳಿಸುತ್ತಲೇ ಇದ್ದಳು. ಆ ಚೀಟಿಯಾಗಲಿ ಆ ಆಧಾರ್ ಆಗಲಿ ಅವಳದಾಗಿರಲಿಲ್ಲ. ನನಗಿಂತ ಮೊದಲು ಇದೇ ಬಲೆಗೆ ಸಿಕ್ಕಿದ್ದ, ನಿಜವಾಗಿಯೂ ಆ ತಾಲ್ಲೂಕಿನಲ್ಲಿ ಕೆಲಸ ಮಾಡುವ ಶಿಕ್ಷಕಿಯೊಬ್ಬರ ದಾಖಲೆಗಳು ಅವು. ಈ ಮೋಸ ನಿಂತಿರುವುದೇ ಇದರ ಮೇಲೆ. ಶಿಕ್ಷಕರು ಶಿಕ್ಷಕರನ್ನು ನಂಬಲಿಕ್ಕೆ ಕೇಳುವ ಪುರಾವೆ ವೇತನ ಚೀಟಿ, ಮತ್ತು ಅದೇ ವೇತನ ಚೀಟಿಯನ್ನು ನಾವು ಕೇಳಿದವರಿಗೆಲ್ಲ ಕಳಿಸುತ್ತ ಬಂದಿದ್ದೇವೆ. ಒಬ್ಬರಿಂದ ಪಡೆದದ್ದನ್ನು ಮತ್ತೊಬ್ಬರಿಗೆ ತೋರಿಸಿ ಆ ಮತ್ತೊಬ್ಬರದನ್ನು ಪಡೆಯುವುದು, ಅದನ್ನು ಮೂರನೆಯವರಿಗೆ ತೋರಿಸುವುದು, ಹೀಗೆ ಸರಪಳಿ ಬೆಳೆಯುತ್ತದೆ.

ಎರಡು ದಿನ ಬಿಟ್ಟು ಗಂಡಸೊಬ್ಬನ ಕರೆ ಬಂತು. ತಾನು ಮೇಲಿನ ಕಚೇರಿಯ ವಿಷಯ ನಿರ್ವಾಹಕ, ನಿಮ್ಮಿಬ್ಬರ ಅರ್ಜಿಯನ್ನು ತಂತ್ರಾಂಶದಲ್ಲಿ ಜೋಡಿಸಬೇಕಾಗಿದೆ, ಅದಕ್ಕೆ ತಲಾ 15,000 ರೂಪಾಯಿ ಶುಲ್ಕವಿದೆ, ಆ ಮೇಡಂ ಈಗಾಗಲೇ ಕಟ್ಟಿದ್ದಾರೆ ಎಂದ. ಅವಳೂ ಹಿಂದೆಯೇ ಸಂದೇಶ ಮಾಡಿ, ಹಣ ಕಟ್ಟಿದ ಸ್ಕ್ರೀನ್‌ಶಾಟ್ ಮತ್ತು ರಾಜ್ಯ ಲಾಂಛನವಿದ್ದ ರಸೀದಿಯನ್ನು ಕಳಿಸಿದಳು. ನಾನು ಕ್ಯೂಆರ್ ಸ್ಕ್ಯಾನ್ ಮಾಡಿ ಹಣ ಹಾಕಿದೆ. ಮರುದಿನವೇ ಆದೇಶದ ಪ್ರತಿಗೆಂದು ಇನ್ನೂ 25,000 ಕೇಳಿದರು. ಯಜಮಾನರು, ಕಚೇರಿಗೆ ನಾವೇ ಬಂದು ಕಟ್ಟುತ್ತೇವೆ, ರಸೀದಿ ಅಲ್ಲೇ ಕೊಡಿ ಎಂದದ್ದೇ ತಡ, ಎರಡೂ ಸಂಖ್ಯೆಗಳಿಂದ ಉತ್ತರ ನಿಂತಿತು.

ಹಣ ಹೋದದ್ದರಲ್ಲಿ ಹೆಚ್ಚು ಹೇಳುವಂಥದ್ದೇನೂ ಇಲ್ಲ. ಇಂಥ ಸುದ್ದಿಗಳನ್ನು ದಿನಪತ್ರಿಕೆಯಲ್ಲಿ ಎಲ್ಲರೂ ಓದಿರುತ್ತೀರಿ. ನನ್ನನ್ನು ನಿಜವಾಗಿ ಕಂಗೆಡಿಸಿದ್ದು ಆಮೇಲೆ ನಡೆದದ್ದು.

ಒಂದು ಮಧ್ಯಾಹ್ನ ಬಿಸಿಯೂಟದ ಹೊತ್ತಿಗೆ ಸುಮಾರು ನಲವತ್ತರ ವಯಸ್ಸಿನವರೊಬ್ಬರು ಶಾಲೆಯ ಗೇಟಿನ ಒಳಗೆ ಬೈಕ್ ನಿಲ್ಲಿಸಿ, ಮಕ್ಕಳ ಸಾಲು ದಾಟಿಕೊಂಡು ನೇರವಾಗಿ ಮುಖ್ಯ ಗುರುಗಳ ಕೋಣೆಗೆ ಬಂದರು. ಮುಧೋಳದಿಂದ ಬಂದದ್ದಾಗಿ ಹೇಳಿ, ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯಾಗಿದ್ದ ಜೆರಾಕ್ಸ್ ಪ್ರತಿಯೊಂದನ್ನು ತೆಗೆದು ಮೇಜಿನ ಮೇಲೆ ಬಿಡಿಸಿಟ್ಟರು. ಅದು ನನ್ನ ಜನವರಿ ತಿಂಗಳ ವೇತನ ಚೀಟಿ. ನನ್ನ ಹೆಸರಿನ ಕೆಳಗೆ ಅವರು ನೀಲಿ ಪೆನ್ನಿನಿಂದ ಗೆರೆ ಎಳೆದು, ಪಕ್ಕದಲ್ಲಿ ತಾವು ಕಳಿಸಿದ ಹಣದ ಮೊತ್ತವನ್ನು ಬರೆದುಕೊಂಡಿದ್ದರು. ಮುಖ್ಯ ಗುರುಗಳು ನನ್ನನ್ನು ಕರೆಸಿದರು. ನಾನು ಬಾಗಿಲಲ್ಲಿ ನಿಂತು ನಮಸ್ಕಾರ ಎನ್ನುತ್ತಿದ್ದಂತೆ ಅವರು ನನ್ನ ಮುಖವನ್ನೂ ಕಾಗದವನ್ನೂ ನೋಡಿ, "ಈ ದನಿ ಅಲ್ರೀ ಸರ್, ನಮ್ಮನಿಯಾಕಿ ಜೋಡಿ ಮಾತಾಡಿದವ್ರ ದನಿ ಬ್ಯಾರೇನ ಇತ್ತು" ಎಂದರು. ಅವರ ಹೆಂಡತಿ ಶಿಕ್ಷಕಿ. ಇಂಡಿ ಕಡೆ ವರ್ಗಾವಣೆ ಬಯಸಿದ್ದ ಆಕೆಗೆ "ನಾನು" ಜೊತೆಯಾಗಿ ಸಿಕ್ಕಿದ್ದೆ. ಮುಧೋಳದಿಂದ ಅಷ್ಟು ದೂರ ಬೈಕ್ ಮೇಲೆ ಅವರು ಬಂದದ್ದು ನನ್ನನ್ನು ಹಿಡಿದು ಹಣ ವಾಪಸು ಕೇಳಲಿಕ್ಕೆ, ಸಿಟ್ಟಿನಲ್ಲಿಯೇ ಹೊರಟು ಬಂದಿದ್ದರು. ಆದರೂ ಎಲ್ಲ ಕೇಳಿದ ಮೇಲೆ ಒಂದು ಕೆಟ್ಟ ಮಾತನ್ನೂ ಆಡಲಿಲ್ಲ, ಚಹಾ ಕುಡಿದು ಹೋದರು. ಬೇರೆ ಯಾರಾದರೂ ಆಗಿದ್ದರೆ ಶಾಲೆಯ ಅಂಗಳದಲ್ಲಿ ನನ್ನ ಮಾನ ಹೋಗುತ್ತಿತ್ತು.

ಆ ದಿನ ಅವರಿಗೂ ನಮಗೂ ಮುಖ್ಯ ಗುರುಗಳು ಒಂದು ವಿಷಯ ತೋರಿಸಿಕೊಟ್ಟರು. ನನಗೆ ಕರೆ ಮಾಡಿದವಳು ತಾನು ಕೆಲಸ ಮಾಡುವುದಾಗಿ ಹೇಳಿದ ಶಾಲೆಯನ್ನು ಅವರು ಶಾಲೆಗಳ ಮಾಹಿತಿಯಿರುವ ಯುಡೈಸ್ ಪ್ಲಸ್ ಜಾಲತಾಣದಲ್ಲಿ ಹುಡುಕಿದರು. ಅದು ಒಂದರಿಂದ ಐದನೆಯ ತರಗತಿಯವರೆಗಿನ ಕಿರಿಯ ಪ್ರಾಥಮಿಕ ಶಾಲೆ. ಜಿಪಿಟಿ ಹುದ್ದೆ ಇರುವುದೇ ಆರರಿಂದ ಎಂಟನೆಯ ತರಗತಿಗೆ, ಅಂಥ ಶಾಲೆಯಲ್ಲಿ ಗಣಿತ-ವಿಜ್ಞಾನ ಜಿಪಿಟಿ ಇರಲು ಸಾಧ್ಯವೇ ಇಲ್ಲ. ಚೀಟಿಯಲ್ಲಿ ವೇತನ ಬಟವಾಡೆ ಅಧಿಕಾರಿಯ ವಿವರ ಇತ್ತೇ ಹೊರತು ಶಾಲೆಯ ಹೆಸರು ಎದ್ದು ಕಾಣುತ್ತಿರಲಿಲ್ಲ. ಅವಳು ಬಾಯಿಯಿಂದ ಹೇಳಿದ್ದು ಮಾತ್ರ ಆ ಶಾಲೆ. ಸ್ಕ್ರೀನ್‌ಶಾಟು, ರಸೀದಿ, ಆಧಾರ್, ಎಲ್ಲದರ ನಡುವೆ ಸುಳ್ಳು ಸಿಕ್ಕಿಬಿದ್ದದ್ದು ಈ ಒಂದೇ ಕಡೆ.

ಆದ್ದರಿಂದ ಜೊತೆ ಸಿಕ್ಕವರನ್ನು ಪರೀಕ್ಷಿಸುವುದಾದರೆ ಅವರು ಕಳಿಸುವ ಕಾಗದದಿಂದ ಪರೀಕ್ಷಿಸಬೇಡಿ, ಅವರು ಕಳಿಸಲಾಗದ ದಾರಿಯಿಂದ ಪರೀಕ್ಷಿಸಿ. ಶಾಲೆಯ ಹೆಸರು ಕೇಳಿ, ಆ ಶಾಲೆಯಲ್ಲಿ ಯಾವ ತರಗತಿಗಳಿವೆ, ಮಾಧ್ಯಮ ಯಾವುದು ಎಂಬುದನ್ನು ನೀವೇ ಹುಡುಕಿ ನೋಡಿ. ನಂತರ ಆ ಭಾಗದ ಶಾಲೆಗಳ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿ ಅಥವಾ ಆ ಶಾಲೆಯ ಮುಖ್ಯ ಗುರುಗಳ ಸಂಖ್ಯೆಯನ್ನು ನಿಮ್ಮ ಪರಿಚಯದವರಿಂದಲೇ ಪಡೆಯಿರಿ. ಎದುರಿನವರು ಕೊಟ್ಟ "ಮುಖ್ಯ ಗುರುಗಳ" ಸಂಖ್ಯೆಗೆ ಕರೆ ಮಾಡಿದರೆ ಅಲ್ಲಿಯೂ ಅವರದೇ ಮನುಷ್ಯ ಎತ್ತುತ್ತಾನೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಈ ನಮ್ಮ ಮೂರು ಜಿಲ್ಲೆಗಳಲ್ಲಿ ಡಿ.ಇಡಿ., ಬಿ.ಇಡಿ. ಕಲಿತ ಕಾಲದ ಗೆಳೆಯರೋ ತರಬೇತಿಯಲ್ಲಿ ಪರಿಚಯವಾದವರೋ ಇಲ್ಲದ ತಾಲ್ಲೂಕೇ ಇರಲಾರದು, ಒಬ್ಬರಿಗೆ ಫೋನು ಮಾಡಿದರೆ ಸಂಜೆಯೊಳಗೆ ವಿಷಯ ತಿಳಿಯುತ್ತದೆ. ಸಾಧ್ಯವಿದ್ದರೆ ಒಂದು ಭಾನುವಾರ ಹೋಗಿ ಭೇಟಿಯಾಗಿ. ಹೇಗೂ ಮುಂದೆ ನೀವು ಕೆಲಸ ಮಾಡಬೇಕಾದ ಊರು ಅದು.

ಗುಂಪಿನಲ್ಲಿ ಸಂದೇಶ ಹಾಕುವಾಗ ತಾಲ್ಲೂಕು, ವೃಂದ, ವಿಷಯ, ಮಾಧ್ಯಮ, ಬೇಕಾದ ಕಡೆ, ಇಷ್ಟು ಸಾಕು. ವೇತನ ಚೀಟಿ, ಸೇವಾ ಪುಸ್ತಕ, ನೇಮಕಾತಿ ಆದೇಶಗಳು ಸಂಬಂಧಪಟ್ಟ ಕಚೇರಿಗೆ ಹೊರತು ಯಾರ ಮೊಬೈಲಿಗೂ ಹೋಗಬೇಕಾದ ಅಗತ್ಯವಿಲ್ಲ. ಆಧಾರ್ ಕೊಡಲೇಬೇಕಾದ ಕಡೆಯೂ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಬಳಸಬಹುದು. ವರ್ಗಾವಣೆ ಅರ್ಜಿ ಆನ್‌ಲೈನ್‌ನಲ್ಲಿ ಹೋಗುತ್ತದೆ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಪರಿಶೀಲನೆಯಾಗುತ್ತದೆ, ಕರಡು ಪಟ್ಟಿ ಬರುತ್ತದೆ, ಆಕ್ಷೇಪಣೆಗೆ ಅವಕಾಶವಿರುತ್ತದೆ, ಅಂತಿಮ ಪಟ್ಟಿಯ ನಂತರ ಕೌನ್ಸೆಲಿಂಗ್ ನಡೆಯುತ್ತದೆ. ಈ ದಾರಿಯಲ್ಲಿ ಎಲ್ಲಿಯೂ ಯಾರದೋ ಸ್ವಂತ ಖಾತೆಗೆ ಯುಪಿಐ ಮಾಡುವ ಹಂತ ಬರುವುದಿಲ್ಲ.

ಈಗಾಗಲೇ ಹಣ ಕಳಿಸಿದವರು ದಯವಿಟ್ಟು ಸುಮ್ಮನಿರಬೇಡಿ. "ದೂರು ಕೊಟ್ಟರೆ ಲಂಚ ಕೊಡಲು ಹೋಗಿದ್ದಳೆಂದು ನನ್ನ ಮೇಲೆಯೇ ಬರುತ್ತದೆ" ಎಂಬ ಹೆದರಿಕೆಯಿಂದ ಅನೇಕರು ಬಾಯಿ ಬಿಡುವುದಿಲ್ಲ, ಮೋಸಗಾರರಿಗೆ ಇದು ಚೆನ್ನಾಗಿ ಗೊತ್ತು, ಆದ್ದರಿಂದಲೇ ಅವರು ಶಿಕ್ಷಕರನ್ನು ಹುಡುಕಿ ಬರುತ್ತಾರೆ ಎಂಬುದು ನನ್ನ ಅನಿಸಿಕೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡುವುದು ಬೇಗನೆ ಆದಷ್ಟೂ ಹಣ ಮುಂದಿನ ಖಾತೆಗೆ ದಾಟುವ ಮೊದಲೇ ತಡೆಯುವ ಸಾಧ್ಯತೆ ಹೆಚ್ಚು. ನನ್ನ ಹಣ ಆಗಲೇ ಬೇರೆ ಖಾತೆಗೆ ಹೋಗಿಯಾಗಿತ್ತು. ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲಿಯೂ ಜಿಲ್ಲೆಯ ಸಿಇಎನ್ (ಸೈಬರ್ ಅಪರಾಧ) ಪೊಲೀಸ್ ಠಾಣೆಯಲ್ಲಿಯೂ ದೂರು ಕೊಡಬಹುದು. ಬೇರೆಯವರ ಹೆಸರು ಹೇಳಿ ಕಂಪ್ಯೂಟರ್ ಅಥವಾ ಮೊಬೈಲ್ ಮೂಲಕ ಮೋಸ ಮಾಡುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಡಿ ಮೂರು ವರ್ಷದವರೆಗೆ ಶಿಕ್ಷೆಯಿರುವ ಅಪರಾಧ. ಸಂದೇಶಗಳನ್ನು ಅಳಿಸಬೇಡಿ, ಯುಪಿಐ ವಹಿವಾಟಿನ ಸಂಖ್ಯೆಯನ್ನು ಬರೆದಿಡಿ.

ಹಣ ಕಳಿಸದಿದ್ದರೂ ದಾಖಲೆ ಮಾತ್ರ ಕಳಿಸಿದವರು ನನ್ನ ಪ್ರಕಾರ ಇನ್ನೂ ಹೆಚ್ಚು ಜಾಗ್ರತೆ ವಹಿಸಬೇಕು, ಏಕೆಂದರೆ ಮುಂದಿನ ಮೋಸ ನಡೆಯುವುದು ಅವರ ಹೆಸರಿನಲ್ಲಿ. ನನ್ನ ದಾಖಲೆಗಳು ದುರ್ಬಳಕೆಯಾಗಿವೆ ಎಂದು ಮುಖ್ಯ ಗುರುಗಳ ಮೂಲಕ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಲಿಖಿತ ಮಾಹಿತಿ ಕೊಟ್ಟು, ಪೊಲೀಸ್ ದೂರಿನ ಪ್ರತಿಯನ್ನು ಲಗತ್ತಿಸಿ, ಸ್ವೀಕೃತಿ ಪಡೆದಿದ್ದೇನೆ. ನಾಳೆ ಇನ್ನೊಬ್ಬರು ನನ್ನ ಹೆಸರು ಹಿಡಿದು ಬಂದರೆ ತೋರಿಸಲು ಇದೊಂದೇ ಕಾಗದ ನನ್ನ ಬಳಿ ಇರುವುದು. ವೇತನ ಚೀಟಿ ಮತ್ತು ಆಧಾರ್ ಎರಡೂ ಕೈಗೆ ಸಿಕ್ಕರೆ ಸಾಲಕ್ಕೆ ಅರ್ಜಿ ಹಾಕುವವರೂ ಇರುತ್ತಾರೆ, ಆದ್ದರಿಂದ ಸಿಬಿಲ್ ಮೊದಲಾದ ಸಂಸ್ಥೆಗಳು ವರ್ಷಕ್ಕೊಮ್ಮೆ ಉಚಿತವಾಗಿ ಕೊಡುವ ಸಾಲದ ವರದಿಯನ್ನು ತೆಗೆದು ನೋಡಿ. ಆಧಾರ್ ಬಯೋಮೆಟ್ರಿಕ್ಕನ್ನು ಲಾಕ್ ಮಾಡಿಡಿ.

ಗುಂಪು ನಡೆಸುವವರಲ್ಲಿ ಒಂದು ವಿನಂತಿ. ಸೇರುವ ಲಿಂಕನ್ನು ಎಲ್ಲ ಕಡೆ ಹರಿಬಿಡುವುದನ್ನು ನಿಲ್ಲಿಸಿ, ಹೊಸಬರನ್ನು ಅವರ ತಾಲ್ಲೂಕಿನ ಒಬ್ಬ ಪರಿಚಿತ ಶಿಕ್ಷಕರ ಮಾತಿನ ಮೇಲೆ ಸೇರಿಸಿಕೊಳ್ಳಿ. ಪರಿಚಯಕ್ಕೆಂದು ಗುಂಪಿನಲ್ಲಿಯೇ ವೇತನ ಚೀಟಿ ಹಾಕಲು ಹೇಳುವ ಪದ್ಧತಿ ಕೆಲವು ಕಡೆ ಇದೆ, ಸದುದ್ದೇಶದಿಂದಲೇ ಇರಬಹುದು, ಆದರೆ ಅದನ್ನು ಇಂದೇ ಕೈಬಿಡಿ.

ಕೊನೆಯದಾಗಿ, ಇಂಡಿ ತಾಲ್ಲೂಕಿನ ಜಿಪಿಟಿ ಗಣಿತ-ವಿಜ್ಞಾನ ಶಿಕ್ಷಕಿ ಎಂದು ಹೇಳಿಕೊಂಡು ಯಾರಾದರೂ ಜನವರಿ ತಿಂಗಳ ವೇತನ ಚೀಟಿಯನ್ನು ತಾವಾಗಿಯೇ ಮೊದಲು ಕಳಿಸಿದರೆ, ಅದು ನಾನಲ್ಲ. ನಾನು ಸದ್ಯ ಯಾರ ಜೊತೆಗೂ ಪರಸ್ಪರ ವರ್ಗಾವಣೆಯ ಮಾತುಕತೆ ನಡೆಸುತ್ತಿಲ್ಲ. ಅಂಥ ಸಂದೇಶ ಬಂದವರು ಆ ಸಂಖ್ಯೆಯನ್ನು 1930ಕ್ಕೆ ತಿಳಿಸಿ, ಸ್ಕ್ರೀನ್‌ಶಾಟನ್ನು ಇಂಡಿಯ ಬಿಇಒ ಕಚೇರಿಗೂ ತಲುಪಿಸಿ. ನನ್ನ ದೂರಿನ ಪ್ರತಿ ಅಲ್ಲಿದೆ.