ಪದ್ಮಿನಿಯ ತಳಕ್ಕೆ ಎಪಾಕ್ಸಿ: ಎರಡು ಮಳೆಗಾಲ ಕಳೆದ ಮೇಲೆ

ಹಳೆಯ ಗಾಡಿಯನ್ನು ಹೊಸದಾಗಿಸುವವರು ಹೊರಮೈಯ ಬಣ್ಣಕ್ಕಾಗಿ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು, ತಳಕ್ಕೆ ಏನು ಬಳಿಯಬೇಕೆಂಬುದನ್ನು ಮಾತ್ರ ಕೊನೆಯ ದಿನ ಗ್ಯಾರೇಜಿನವರ ಮರ್ಜಿಗೆ ಬಿಡುವುದುಂಟು. ನನ್ನ 1986ರ ಪ್ರೀಮಿಯರ್ ಪದ್ಮಿನಿ ಕಾರಿನ ವಿಷಯದಲ್ಲಿ ನಾನೂ ಮೊದಲ ಸಲ ಹಾಗೆಯೇ ಮಾಡಿದ್ದೆ. ಅವರು ಬಳಿದದ್ದು ಡಾಂಬರಿನ ದಪ್ಪ ಕಪ್ಪು ಲೇಪ. ನೋಡಲು ಅಚ್ಚುಕಟ್ಟಾಗಿದ್ದ ಆ ಲೇಪವನ್ನು ಮೂರನೆಯ ಮಳೆಗಾಲದ ಬಳಿಕ ಸ್ಕ್ರೂಡ್ರೈವರಿನಿಂದ ತಟ್ಟಿದಾಗ ಅದು ಅಂಗೈಯಗಲದ ಹಾಳೆಗಳಾಗಿ ಕಳಚಿತು, ಜೊತೆಗೆ ತಗಡಿನ ಒಂದು ಪದರವೂ ತುಕ್ಕಾಗಿ ಉದುರಿತು. ಹಳೆಯ ತುಕ್ಕನ್ನು ಪೂರ್ತಿ ತೆಗೆಯದೆ ಬಳಿದದ್ದು ಮೊದಲ ತಪ್ಪು. ಆದರೆ ಡಾಂಬರಿಗೂ ಒಂದು ದುರ್ಗುಣವಿದೆ: ವರ್ಷ ಕಳೆದಂತೆ ಗಡುಸಾಗಿ ಬಿರುಕು ಬಿಡುತ್ತದೆ, ಬಿರುಕಿನಿಂದ ಒಳಹೊಕ್ಕ ನೀರಿಗೆ ಹೊರಬರಲು ದಾರಿಯಿರುವುದಿಲ್ಲ, ಒಳಗೆ ನಡೆಯುವ ಹಾನಿ ಕಣ್ಣಿಗೂ ಬೀಳುವುದಿಲ್ಲ.

ಜೀಪಿಗಿರುವಂತೆ ಪದ್ಮಿನಿಗೆ ಬೇರೆಯದೇ ಆದ ಚಾಸಿ ಇಲ್ಲ. ಫ್ಲೋರಿನ ತಗಡು ಮತ್ತು ಬಾಗಿಲುಗಳ ಕೆಳಗೆ ಉದ್ದಕ್ಕೆ ಹಾಯುವ ಟೊಳ್ಳು ಭಾಗಗಳೇ ಭಾರ ಹೊರುತ್ತವೆ. ಉಪ್ಪುಗಾಳಿಯ ಮಂಗಳೂರಿನಲ್ಲಿ, ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವಲ್ಲಿ, ಇದನ್ನು ಅಲಂಕಾರದ ಪ್ರಶ್ನೆಯೆಂದು ಭಾವಿಸುವಂತಿಲ್ಲ.

ಎರಡನೆಯ ಸಲ ಕೊಳೆತ ತಗಡನ್ನು ಕತ್ತರಿಸಿ ಹೊಸದನ್ನು ವೆಲ್ಡ್ ಮಾಡಿಸಿದ ಮೇಲೆ ಮೂರು ಆಯ್ಕೆಗಳನ್ನು ತೂಗಿ ನೋಡಿದೆ. ರೆಡ್ ಆಕ್ಸೈಡ್ ಅಗ್ಗ, ಎಲ್ಲ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಮೇಲೆ ಬೇರೆ ಬಣ್ಣವಿಲ್ಲದೆ ಅದೊಂದೇ ನೀರನ್ನು ತಡೆಯಲಾರದು. ಪಿಒಆರ್-15 ಬಗೆಯ, ಗಾಳಿಯ ತೇವದಿಂದಲೇ ಗಟ್ಟಿಯಾಗುವ ಬಣ್ಣ ತುಕ್ಕಿನಿಂದ ಒರಟಾದ ಮೈಗೆ ಚೆನ್ನಾಗಿ ಕಚ್ಚಿಕೊಳ್ಳುತ್ತದೆ, ನಯವಾದ ಹೊಸ ತಗಡಿಗೆ ಪ್ರತ್ಯೇಕ ಸಿದ್ಧತೆ ಬೇಡುತ್ತದೆ. ನನ್ನ ಗಾಡಿಯಲ್ಲಿ ಹೊಸ ತಗಡೇ ಹೆಚ್ಚಾಗಿದ್ದುದರಿಂದ ಗಟ್ಟಿಯಾಗಿಸುವ ಹಾರ್ಡನರ್ ಬೆರೆಸಿ ಬಳಿಯುವ ಎರಡು ಡಬ್ಬಿಯ ಎಪಾಕ್ಸಿ ಪ್ರೈಮರನ್ನು, ಅಂದರೆ ತಗಡಿಗೆ ನೇರವಾಗಿ ಬಳಿಯುವ ರಾಳದ ಬಣ್ಣವನ್ನು, ಆರಿಸಿದೆ. ಬಿಸಿಲಿಗೆ ಎಪಾಕ್ಸಿ ಪುಡಿಪುಡಿಯಾಗುತ್ತದೆಂಬ ದೂರು ನಿಜವೇ. ಆದರೆ ಗಾಡಿಯ ಹೊಟ್ಟೆಗೆ ಬಿಸಿಲು ತಾಗುವುದೆಲ್ಲಿ? ಬಣ್ಣವನ್ನು ಬೇಕೆಂದೇ ತಿಳಿಬೂದಿಯದನ್ನು ತೆಗೆದುಕೊಂಡೆ. ಕಪ್ಪು ಬೇಕೆಂದು ಪೇಂಟರ್ ಪಟ್ಟು ಹಿಡಿದಿದ್ದರು, ನಾನು ಒಪ್ಪಲಿಲ್ಲ.

ಕೆಲಸಕ್ಕೆ ಜನವರಿಯನ್ನು ಆರಿಸಿದ್ದು ಒಳ್ಳೆಯದಾಯಿತು, ಏಕೆಂದರೆ ತೇವದ ತಗಡಿನ ಮೇಲೆ ಎಪಾಕ್ಸಿ ನಿಲ್ಲುವುದಿಲ್ಲ. ತುಕ್ಕು ತೆಗೆಯಲು ಫಾಸ್ಫಾರಿಕ್ ಆಮ್ಲ ಬಳಸಿದ್ದರೆ ಅದನ್ನು ಪೂರ್ತಿ ತೊಳೆದು ಒಣಗಿಸಲೇಬೇಕು. ಉಳಿದ ಆಮ್ಲ ಪ್ರೈಮರ್ ಗಟ್ಟಿಯಾಗದಂತೆ ಮಾಡುತ್ತದೆ. ಬೆರೆಸಿದ ಬಣ್ಣ ಕೆಲವೇ ಗಂಟೆಗಳಲ್ಲಿ ಡಬ್ಬಿಯಲ್ಲೇ ಗಟ್ಟಿಯಾಗುತ್ತದೆ, ಆದ್ದರಿಂದ ಸ್ವಲ್ಪಸ್ವಲ್ಪವೇ ಬೆರೆಸಬೇಕು. ಎರಡನೆಯ ಪದರಕ್ಕೆ ಡಬ್ಬಿಯ ಮೇಲೆ ಬರೆದ ಅವಧಿ ಮೀರಿದರೆ ಮೊದಲನೆಯದನ್ನು ಎಮೆರಿ ಕಾಗದದಿಂದ ಉಜ್ಜಿಯೇ ಮುಂದುವರಿಯಬೇಕು. ಈ ಒಂದು ಉದಾಸೀನದಿಂದ ನನ್ನ ಒಂದು ಭಾನುವಾರ ಪೂರ್ತಿ ಹೋಯಿತು. ಸೈಲೆನ್ಸರ್, ಪ್ರೊಪೆಲ್ಲರ್ ಶಾಫ್ಟ್, ಹ್ಯಾಂಡ್‌ಬ್ರೇಕ್ ಕೇಬಲ್, ಹಿಂದಿನ ಸ್ಪ್ರಿಂಗ್ ಪಟ್ಟಾಗಳ ನಡುವಿನ ಸಂದು, ಇವುಗಳಿಗೆ ಬಣ್ಣ ತಾಗಬಾರದು. ನೀರಿಳಿಯುವ ತೂತುಗಳಂತೂ ತೆರೆದೇ ಇರಬೇಕು. ಬ್ರಶ್ ತಲುಪದ ಟೊಳ್ಳುಗಳಿಗೆ ಆ ತೂತುಗಳ ಮೂಲಕವೇ, ಎಪಾಕ್ಸಿ ಒಣಗಿದ ಮೇಲೆ, ಮೇಣದ ದ್ರವವನ್ನು ಸಿಂಪಡಿಸಿದೆವು.

ಎರಡು ಮಳೆಗಾಲ ಕಳೆದು ಮೊನ್ನೆ ಗಾಡಿಯನ್ನು ರ‍್ಯಾಂಪಿಗೇರಿಸಿ ನೋಡಿದಾಗ ಫ್ಲೋರ್ ಬಳಿದ ದಿನದಂತೆಯೇ ಇತ್ತು. ಹಿಂದಿನ ಮಡ್‌ಗಾರ್ಡುಗಳ ಒಳಮೈಯಲ್ಲಿ ಮಾತ್ರ ಜಲ್ಲಿ ಬಡಿದು ಐದಾರು ಕಡೆ ಚಕ್ಕೆ ಎದ್ದಿತ್ತು. ಎಪಾಕ್ಸಿಯ ನಿಜವಾದ ಕೊರತೆ ಇದೇ: ಗಟ್ಟಿ, ಆದರೆ ಕಲ್ಲಿನ ಪೆಟ್ಟಿಗೆ ಬಾಗದು. ಆದರೂ ತಿಳಿಬೂದಿಯ ಮೇಲೆ ಕಂದು ಚುಕ್ಕೆಗಳು ಮಾರು ದೂರದಿಂದಲೇ ಕಂಡವು. ಉಜ್ಜಿ, ಮತ್ತೆ ಬಳಿಯಲು ಅರ್ಧ ಗಂಟೆ ಸಾಕಾಯಿತು. ಅಷ್ಟು ಜಾಗಕ್ಕೆ ಮಾತ್ರ, ಎಪಾಕ್ಸಿಯ ಮೇಲೆ, ರಬ್ಬರಿನಂತೆ ಬಾಗುವ ಲೇಪವೊಂದನ್ನು ತೆಳುವಾಗಿ ಹಾಕಿಸಿದ್ದೇನೆ, ಅದನ್ನೂ ಬೂದು ಬಣ್ಣದ್ದೇ ಹುಡುಕಿ ತಂದು.